ಕಿಟಕಿ ಎಲ್ಲಿರಬೇಕು ಎಂದು ಕೇಳದೆ ಕಟ್ಟಿದ ಕೋಣೆ

ಹಾವೇರಿಯ ಕೋರ್ಟಿನಲ್ಲಿ ಜಡ್ಜ್ ಮೇಡಂ ಕೋಣೆಯ ಬಾಗಿಲು ಮುಚ್ಚಿಕೊಂಡಾಗ ನಾನು ಮೊದಲು ನೋಡಿದ್ದು ಚೌಕಟ್ಟಿನ ಪಕ್ಕದ ಪ್ಲಾಸ್ಟರನ್ನು. ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವನ ಕಣ್ಣು ಎಲ್ಲಿಗೆ ಹೋದರೂ ಮೊದಲು ಗೋಡೆಗೇ ಹೋಗುತ್ತದೆ. ಕೆಲಸ ಚೊಕ್ಕಟವಾಗಿತ್ತು. ಚೌಕಟ್ಟಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟೂ ಸಂದು ಇರಲಿಲ್ಲ. ಒಳಗಿನ ಮಾತು ಹೊರಗೆ ಬರುವ ಹಾಗೇ ಇರಲಿಲ್ಲ. ಇನ್ನೊಬ್ಬ ಗೌಂಡಿಯ ಒಳ್ಳೆಯ ಕೆಲಸ ನೋಡಿ ನನಗೆ ಸಿಟ್ಟು ಬಂದದ್ದು ಅದೇ ಮೊದಲು.

ಒಳಗೆ ಇದ್ದವಳು ನಮ್ಮ ಅಕ್ಕನ ಮಗಳು. ಹನ್ನೆರಡು ವರ್ಷದ ಹುಡುಗಿ. ಹೊರಗೆ ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವಳ ಅಪ್ಪ, ಅಂದರೆ ನನ್ನ ಭಾವ. ನಮ್ಮಿಬ್ಬರ ನಡುವೆ ಅವಳ ನೀರಿನ ಬಾಟಲಿ. ಆ ಬಾಟಲಿಯನ್ನು ಕೊಡಿಸಿದ್ದು ಅವನು. ಹತ್ತು ವರ್ಷ ಅವಳನ್ನು ಸಾಕಿದ ನನಗೆ ಅವಳಿಗೊಂದು ಬಾಟಲಿ ಬೇಕು ಎನ್ನುವುದು ಹೊಳೆದಿರಲಿಲ್ಲ. ಅವನಿಗೆ ಹೊಳೆದಿತ್ತು, ಯಾಕೆಂದರೆ ಅವನು ಕೇಳಿದ್ದ.

ಅಕ್ಕ ಜ್ವರದಲ್ಲಿ ತೀರಿಕೊಂಡಾಗ ಹುಡುಗಿಗೆ ಎರಡು ವರ್ಷ. ಭಾವನದು ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜದ ಅಂಗಡಿ. 'ಸದ್ಯಕ್ಕ ನಿಮ್ಮಲ್ಲೇ ಇರಲಿ' ಎಂದು ಮಗುವನ್ನು ಮೋಟೆಬೆನ್ನೂರಿನ ನಮ್ಮ ಮನೆಗೆ ತಂದುಬಿಟ್ಟ. ನಮಗೆ ಮಕ್ಕಳಿರಲಿಲ್ಲ. ನನ್ನ ಹೆಂಡತಿ ಆ ಮಗುವನ್ನು ಸೊಂಟದಿಂದ ಇಳಿಸದೆ ಬೆಳೆಸಿದಳು. ಸದ್ಯಕ್ಕೆ ಎಂದದ್ದು ಹತ್ತು ವರ್ಷವಾಯಿತು. ಅಷ್ಟರಲ್ಲಿ ಭಾವನಿಗೆ ಇನ್ನೊಂದು ಮದುವೆಯಾಗಿ ಒಬ್ಬ ಮಗನೂ ಹುಟ್ಟಿದ್ದ. ಹುಡುಗಿ ನಮ್ಮೂರಿನ ಶಾಲೆಯಲ್ಲಿ ಏಳನೆಯದನ್ನು ಮುಗಿಸುವ ಹೊತ್ತಿಗೆ ಅವನು ಬಂದು, ಹೈಸ್ಕೂಲಿಗೆ ತನ್ನಲ್ಲಿಗೆ ಕಳುಹಿಸಬೇಕು ಎಂದ. ನಾನು ಆಗುವುದಿಲ್ಲ ಎಂದೆ.

ಮೊದಲು ಹಿರಿಯರು ಕೂತರು. ನಮ್ಮ ಪಡಸಾಲೆಯಲ್ಲಿ ಅವನ ಕಡೆಯ ಇಬ್ಬರು, ನನ್ನ ಕಡೆ ನಮ್ಮ ಕಾಕಾ. ಹುಡುಗಿ ಚಹಾ ತಂದು ಎಲ್ಲರಿಗೂ ಕೊಟ್ಟು, ಖಾಲಿ ತಾಟನ್ನು ಎದೆಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಕಾಕಾ ತಲೆ ಎತ್ತಿ ನೋಡಿದ.

"ನೀ ಒಳಗ ನಡಿಯವಾ. ದೊಡ್ಡಾವ್ರು ಮಾತಾಡಾಕತ್ತೇವಿ."

"ನನ್ನ ಬಗ್ಗೆನ ಅಲ್ಲೇನ ಅಜ್ಜಾ?" ಎಂದಳು.

"ಅದಕ್ಕ ಹೇಳಿದ್ದು ಒಳಗ ನಡಿ ಅಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ಒಳಗೆ ಏನೋ ಚುಚ್ಚಿತು, ಆದರೆ ಅದೇನೆಂದು ಹುಡುಕುವ ವ್ಯವಧಾನ ನನಗಿರಲಿಲ್ಲ. ಆ ಹೊತ್ತಿನಲ್ಲಿ ನಾನು ಭಾವನನ್ನು ಸೋಲಿಸುವುದರಲ್ಲಿದ್ದೆ.

ಅದೇ ಪಡಸಾಲೆಯಲ್ಲಿ, ಅದೇ ಬಾಗಿಲಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ನಾನೂ ಚಹಾದ ತಾಟು ಹಿಡಿದು ನಿಂತಿದ್ದೆ. ಅಪ್ಪ, ಇದೇ ಕಾಕಾ, ಮತ್ತು ಕದರಮಂಡಲಗಿಯಿಂದ ಬಂದ ಒಬ್ಬ ಹಿರಿಯ ಗೌಂಡಿ ಕೂತಿದ್ದರು. ಗೌಂಡಿ ನನ್ನನ್ನು ಹತ್ತಿರ ಕರೆದು ಎರಡೂ ಅಂಗೈ ತಿರುಗಿಸಿ ನೋಡಿ, 'ಕೈ ಛಲೋ ಅದಾವು' ಎಂದ. ನನ್ನ ತಲೆ ಹೇಗಿದೆ ಎಂದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಗಣಿತದಲ್ಲಿ ನಾನು ವರ್ಗಕ್ಕೇ ಮೊದಲಿಗನಾಗಿದ್ದೆ. ಎಲೆ ಅಡಿಕೆ ಕೈ ಬದಲಾಯಿತು, ಮಾತು ಮುಗಿಯಿತು. ಮರುದಿನದಿಂದ ನಾನು ಸಿಮೆಂಟಿನ ಬುಟ್ಟಿ ಹೊತ್ತೆ.

ಆವತ್ತು ಒಲೆಯ ಮುಂದೆ ಕೂತಿದ್ದ ಅಕ್ಕ ಒಬ್ಬಳೇ ಕೇಳಿದಳು.

"ನಿನಗ ಹೆಂಗ ಅನಸ್ತೈತಿ?"

"ನನಗೂ ಸಾಲಿ ಸಾಕಾಗೇತಿ ಬಿಡು," ಎಂದೆ.

ಸುಳ್ಳು ಹೇಳಿದ್ದೆ. ನಿರ್ಧಾರ ಆಗಿಹೋದ ಮೇಲೆ, ಬೇಡವಾಗಿತ್ತು ಎಂದು ಅಳುವುದಕ್ಕಿಂತ ನನಗೇ ಬೇಕಾಗಿತ್ತು ಎಂದು ಹೇಳುವುದು ಮರ್ಯಾದೆ ಎನಿಸಿತ್ತು. ಅಕ್ಕ ನನ್ನ ಮುಖವನ್ನೇ ನೋಡಿದಳು. ರೊಟ್ಟಿ ಸೀದು ಹೋಗುವಷ್ಟು ಹೊತ್ತು ನೋಡಿದಳು.

ಕೆಲಸದಲ್ಲಿ ನಾನು ಯಾರಿಗೂ ಕಡಿಮೆಯಾಗಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಗಳ ಗೋದಾಮುಗಳ ಅರ್ಧಕ್ಕರ್ಧ ಗೋಡೆಗಳು ನನ್ನ ಕೈಯವು. ಆ ಘಾಟಿನಲ್ಲಿ ಸೀನುತ್ತ ಸೀನುತ್ತ ಎಬ್ಬಿಸಿದ ಗೋಡೆಗಳು, ಆದರೂ ಒಂದೂ ಎಳೆಯಷ್ಟೂ ವಾಲಿಲ್ಲ. ಮನೆ ಕಟ್ಟುವಾಗ ನನ್ನದೊಂದು ರೂಢಿ ಇದೆ. ಬುನಾದಿ ಮೇಲೆ ಬಂದ ಕೂಡಲೇ ಆ ಮನೆಯ ಹೆಣ್ಣುಮಗಳನ್ನು ಕರೆದು ಒಳಗೆ ನಿಲ್ಲಿಸಿ, ಕೈಗೆ ಸುಣ್ಣದ ಕಡ್ಡಿ ಕೊಡುತ್ತೇನೆ. 'ಎಲ್ಲಿ ನಿಂತು ಅಡಗಿ ಮಾಡ್ತೀರಿ, ಎಲ್ಲಿ ಕುಂತು ಕಾಯಿಪಲ್ಲೆ ಸೋಸ್ತೀರಿ, ತೋರಸ್ರಿ. ಬೆಳಕು ಎಲ್ಲಿ ಬೇಕೋ ಅಲ್ಲಿ ಗೀರ್ರಿ.' ಅವರು ಗೀರಿದಲ್ಲಿ ಕಿಟಕಿ. ಯಜಮಾನರು ಕೆಲವೊಮ್ಮೆ ಮುಖ ಸಿಂಡರಿಸುತ್ತಾರೆ. ಗೃಹಪ್ರವೇಶದ ದಿನ ಮಾತ್ರ ಹೆಣ್ಣುಮಕ್ಕಳು ನನಗೆ ಎರಡು ಹೋಳಿಗೆ ಹೆಚ್ಚು ಬಡಿಸುತ್ತಾರೆ. ಕೇಳಿ ಕಿಟಕಿ ಇಡುವ ಗೌಂಡಿ ಎಂದು ಬ್ಯಾಡಗಿಯ ಕಡೆ ನನಗೆ ಹೆಸರಿದೆ.

ಹಿರಿಯರಿಂದ ಬಗೆಹರಿಯದ್ದಕ್ಕೆ ಭಾವ ಕೋರ್ಟಿಗೆ ಹೋದ. ನೋಟಿಸು ಬಂದ ಮೇಲೂ ಭಾನುವಾರಕ್ಕೊಮ್ಮೆ ಗಾಡಿ ಹತ್ತಿ ಬರುವುದನ್ನು ಅವನು ಬಿಡಲಿಲ್ಲ. ನಾನು ಬೇಡ ಎನ್ನುವಂತಿರಲಿಲ್ಲ. ಮಗಳು ಅವನ ಮಗಳೇ. ಹೆದ್ದಾರಿಯ ಪಕ್ಕದ ಅಂಗಡಿಗೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಒಂದು ಭಾನುವಾರ ಬೀಡಿ ತರುವ ನೆಪದಲ್ಲಿ ನಾನೂ ಹಿಂದೆ ಹೋಗಿ ಅಂಗಡಿಯ ಕಂಬದ ಈಚೆ ನಿಂತೆ. ನಾನು ಬೀಡಿ ಬಿಟ್ಟು ಆರು ವರ್ಷವಾಗಿತ್ತು.

"ಗಿರ್ಮಿಟ್ ತಿಂತಿಯೋ, ಮಿರ್ಚಿನೋ?"

"ಎರಡೂ."

"ಎಲ್ಲಿ ಕುಂದ್ರೂಣು? ಒಳಗೋ ಹೊರಗೋ?"

"ಹೊರಗ. ಅಪ್ಪಾ, ನಿನಗೊಂದು ಹೇಳೂದೈತಿ. ನನ್ನ ಖೋಖೋ ಟೀಮಿಗೆ ಕ್ಯಾಪ್ಟನ್ ಮಾಡ್ಯಾರ."

"ಹೌದಾ? ಯಾವಾಗ?"

"ತಿಂಗಳಾತು."

ತಿಂಗಳಾಗಿತ್ತು. ಒಂದೇ ಸೂರಿನಡಿ ಇದ್ದ ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಅವಳ ಮಾತೆಂದರೆ 'ಹೂಂ', 'ಆತು', 'ಉಂಡೇನಿ'. ಅವನ ಮುಂದೆ ಕೈ ಬೀಸಿ ಬೀಸಿ ಆಟ ವಿವರಿಸುತ್ತಿದ್ದಳು, ಅವನು ಗಿರ್ಮಿಟ್ಟು ಬಾಯಿಗಿಡುವುದನ್ನೂ ಮರೆತು ಕೇಳುತ್ತಿದ್ದ. ಜ್ವರದಲ್ಲಿ ಅವಳನ್ನು ಬೆನ್ನ ಮೇಲೆ ಹೊತ್ತು ಬ್ಯಾಡಗಿಯ ದವಾಖಾನೆಗೆ ಓಡಿದವನು ನಾನು. ಅವಳು ಅಪ್ಪಾ ಎಂದು ಕರೆಯುವುದು ಅವನನ್ನು. ನಾನು ಎಷ್ಟು ಮಾಡಿದರೂ ಮಾಮಾ. ಆ ಕಂಬದ ಈಚೆ ನಿಂತಾಗ ನನ್ನ ಹೊಟ್ಟೆಯಲ್ಲಿ ಹತ್ತಿದ ಬೆಂಕಿಯನ್ನು ಇಷ್ಟು ವರ್ಷದಲ್ಲಿ ಯಾವ ಸಾಹುಕಾರನ ಬಂಗಲೆ ನೋಡಿಯೂ ನಾನು ಕಂಡಿರಲಿಲ್ಲ.

ನನಗೆ ಬರುವುದು ಗೋಡೆ ಕಟ್ಟುವುದು. ಕಟ್ಟಿದೆ. ಹಿತ್ತಲಲ್ಲಿ ಅವಳಿಗಾಗಿ ಒಂದು ಕೋಣೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಮನೆಯ ಕೆಲಸ, ಆಮೇಲೆ ಬ್ಯಾಡಗಿಗೆ ಹೊರಗಿನ ಕೆಲಸ. ಆಳು ಇಲ್ಲ, ಮಿಷನ್ ಇಲ್ಲ. ಇಟ್ಟಿಗೆ ನೆನೆಸುವುದೂ ನಾನೇ, ನೀರು ಹೊಡೆಯುವುದೂ ನಾನೇ. ನೆಲಕ್ಕೆ ಹೊಳೆಯುವ ಟೈಲ್ಸ್, ಗೋಡೆಗೆ ಗುಲಾಬಿ ಬಣ್ಣ, ಪೂರ್ವಕ್ಕೆ ಹಿತ್ತಲಿನ ಪಕ್ಕದ ಬೀದಿಯ ಕಡೆ ಒಂದು ದೊಡ್ಡ ಕಿಟಕಿ, ಅದಕ್ಕೆ ಹೂವಿನ ವಿನ್ಯಾಸದ ಕಬ್ಬಿಣದ ಜಾಲರಿ. ಭಾನುವಾರ ಗಾಡಿಯಲ್ಲಿ ಬರುವವನಿಗೆ ತಿರುವಿನಿಂದಲೇ ಕಾಣಬೇಕು ಎಂದೇ ಆ ಕಿಟಕಿ ಅಲ್ಲಿಟ್ಟೆ. ಬೆಳಕಿಗಾಗಿ ಎಂದು ಹೆಂಡತಿಗೆ ಹೇಳಿದೆ.

ಕೋಣೆಯ ಹಿಂದಿನ ಗೋಡೆ ಎದ್ದ ಜಾಗದಲ್ಲಿ ಮೊದಲೊಂದು ಹಳೆಯ ಮಣ್ಣಿನ ಗೋಡೆ ಇತ್ತು. ನಮ್ಮ ಹಿತ್ತಲಿಗೂ ಪಕ್ಕದ ಮುಸಲ್ಮಾನರ ಮನೆಯ ಹಿತ್ತಲಿಗೂ ನಡುವೆ. ಅದು ಒಂದು ಕಡೆ ಕುಸಿದು ಮೊಳಕಾಲೆತ್ತರಕ್ಕೆ ನಿಂತಿತ್ತು. ನಮ್ಮ ಹುಡುಗಿ ಈ ಬದಿ, ಆ ಮನೆಯ ಹುಡುಗಿ ಆ ಬದಿ, ಒಂದೊಂದು ಕಲ್ಲಿನ ಮೇಲೆ ಕೂತು, ಕುಸಿದ ಗೋಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಇಬ್ಬರೂ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದರು. ಒಂದನೆಯ ವರ್ಗದಿಂದಲೂ ಹಾಗೇ. ದಿನಾ ನೋಡುತ್ತಿದ್ದೆ. ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲ.

ಗೋಡೆ ಎದೆಮಟ್ಟಕ್ಕೆ ಬಂದಾಗ ಆ ಮನೆಯ ಮುದುಕಿ ಆಚೆಯಿಂದ ಇಣುಕಿ, "ಏನಪ್ಪಾ ಗೌಂಡಿ, ನಮ್ಮ ಮಾರಿ ನೋಡೂದು ಬ್ಯಾಡಾತೇನು ನಿಮಗ?" ಎಂದಳು.

"ಹಂಗಲ್ಲರಿ ಖಾಲಾ, ಹುಡುಗಿಗೆ ಖೋಲಿ ಬೇಕಾಗೇತಿ."

"ಆಕಿ ಕೇಳಿದಳೇನ?"

"ಆಕೀಗೇನ ತಿಳೀತೈತ್ರಿ."

ಆವತ್ತೇ ಬೆಳಿಗ್ಗೆ ಹುಡುಗಿಯೂ ಬಂದು, ಕರಣಿ ಹಿಡಿದ ನನ್ನ ಪಕ್ಕದಲ್ಲಿ ನಿಂತು "ಮಾಮಾ, ಇಲ್ಲಿ..." ಎಂದು ಏನೋ ಶುರುಮಾಡಿದ್ದಳು. "ಸುಮ್ಕಿರು, ಎಲ್ಲಾ ನಿನಗಂತನ ಮಾಡಾಕತ್ತೇನಿ," ಎಂದಿದ್ದೆ. ಅವಳು "ಆತು," ಎಂದು ಹೋದಳು. ಅವಳು ಸುಮ್ಮನಾದದ್ದನ್ನು ಸಂತೋಷ ಎಂದುಕೊಂಡೆ.

ಕೋರ್ಟಿನ ದಿನ ಬಂತು. ನಮ್ಮ ವಕೀಲರು ಮೊದಲೇ ಹೇಳಿದ್ದರು, ತಿಳಿವಳಿಕೆ ಬಂದ ಮಗುವನ್ನು ಕೇಳದೆ ಇಂಥ ವಿಷಯ ತೀರ್ಮಾನಿಸುವುದಿಲ್ಲ, ಮೇಡಂ ಅವಳೊಬ್ಬಳನ್ನೇ ಕರೆದು ಮಾತಾಡಿಸುತ್ತಾರೆ ಎಂದು. ಕೇಳಿದಾಗಿನಿಂದ ನನಗೆ ಅನ್ನ ರುಚಿಸಲಿಲ್ಲ. ಹಾವೇರಿಯ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡೆ.

"ಮೇಡಂ ಕೇಳಿದ್ರ ಏನಂತಿ?"

"ಮಾಮಾನ ಮನ್ಯಾಗ ಇರ್ತೇನಿ ಅಂತೇನಿ."

"ಯಾಕ ಅಂದ್ರ?"

"ಅತ್ತಿ ಛಲೋ ನೋಡ್ಕೋತಾಳ. ಹೊಸಾ ಖೋಲಿ ಕಟ್ಟಿಸ್ಯಾರ. ಟೈಲ್ಸ್ ಹಾಕ್ಯಾರ."

"ಕಟ್ಟಿಸಿಲ್ಲ. ಕಟ್ಟ್ಯಾರ. ನಾನ ಕಟ್ಟೇನಿ."

"ಕಟ್ಟ್ಯಾರ."

ಅಗಡಿಯ ಕಡೆಗೆ ಹೋಗುವವನೊಬ್ಬ ಮುಂದಿನ ಸೀಟಿನಿಂದ ತಿರುಗಿ ನೋಡಿ ನಕ್ಕ. ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತಿದ್ದೇನೆ ಎಂದುಕೊಂಡಿರಬೇಕು. ಅವಳು ಒಂದು ತಪ್ಪಿಲ್ಲದೆ ಒಪ್ಪಿಸಿದಳು. ಆಗ ನನಗೆ ಅಕ್ಕನ ಮುಖ ನೆನಪಾಯಿತು. ಹನ್ನೆರಡು ವರ್ಷದವರು ದೊಡ್ಡವರ ಮನಸ್ಸು ಉಳಿಸಲು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆ ಎಂಬುದು ಆ ಬಸ್ಸಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವಳನ್ನು ತಡೆಯಲಿಲ್ಲ. ಇನ್ನೊಮ್ಮೆ ಹೇಳಿಸಿದೆ.

ಹೀಗೆ ಬಂದು ಬೆಂಚಿನ ಮೇಲೆ ಕೂತಿದ್ದೆವು. ಅರ್ಧ ತಾಸಾಯಿತು. ಬಾಗಿಲು ತೆರೆಯಲಿಲ್ಲ. ಓದಿಕೊಂಡ ಒಬ್ಬ ನ್ಯಾಯಾಧೀಶೆ, ಹೊರಗೆ ಅಷ್ಟು ಜನ ಕಾಯುತ್ತಿರುವಾಗ, ಏಳನೆಯ ವರ್ಗದ ಹುಡುಗಿಗೆ ಅರ್ಧ ತಾಸು ಕಿವಿಗೊಟ್ಟು ಕೂತಿದ್ದರು. ನನಗೆ ಭಾವನ ಮೇಲಿನ ಹೊಟ್ಟೆಕಿಚ್ಚು ಸರಿದು, ಒಳಗಿದ್ದ ಹುಡುಗಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೆ ಖರೇ. ನಮ್ಮ ಪಡಸಾಲೆಯಲ್ಲಿ ನನ್ನನ್ನು ಐದು ನಿಮಿಷ ಹೀಗೆ ಕೂರಿಸಿ ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಆ ಬೆಂಚಿನ ಮೇಲೆ ಕೂತು ವಾಕ್ಯ ಜೋಡಿಸಿದೆ. ಮೂರು ವಾಕ್ಯ ಸಾಕಾಗಿತ್ತು.

ಭಾವನೇ ಮೊದಲು ಮಾತಾಡಿದ.

"ಏನ ಹೇಳಿಕೊಟ್ಟ ಕಳಿಸೀಯೋ ಗೌಂಡಿ?"

"ನಾ ಏನೂ ಹೇಳಿಕೊಟ್ಟಿಲ್ರಿ. ನೀವು?"

"ನಾನೂ ಇಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಬಾಟಲಿಯನ್ನು ನೋಡಿದೆವು.

"ಹೋದ ಐತಾರ ಸ್ವಲ್ಪ ಹೇಳಿಕೊಟ್ಟೇನಿ," ಎಂದ.

"ನಾ ಬಸ್ಸಿನ್ಯಾಗ ಹೇಳಿಕೊಟ್ಟೇನ್ರಿ."

ಅವನಿಗೆ ನಗು ಬಂತು. ತಡೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, "ನಿನಗ ಗೊತ್ತಿಲ್ಲ. ರಜಾದಾಗ ನಮ್ಮ ಮನಿಗೆ ಬಂದಾಗೆಲ್ಲಾ ಗ್ವಾಡಿ ತಟ್ಟಿ ನೋಡ್ತಾಳ. ಇದು ಪೊಳ್ಳ ಐತಿ, ನಮ್ಮ ಮಾಮಾ ಕಟ್ಟಿದ್ರ ಹಿಂಗ ಇರ್ತಿದ್ದಿಲ್ಲ ಅಂತಾಳ. ತನ್ನ ತಮ್ಮಗೂ ಅದನ್ನ ಕಲಿಸ್ಯಾಳ. ಇಬ್ಬರೂ ಕೂಡಿ ಮನಿ ತುಂಬ ತಟಗೋತ ತಿರಗತಾರ. ನನಗ ಹೆಂಗಾಗಬಾರದು?" ಎಂದ.

ನನಗೆ ಒಂದು ಕ್ಷಣ ಎದೆ ಉಬ್ಬಿತು. ಮರುಕ್ಷಣ, ಅವಳು ಆ ಪುಟ್ಟ ತಮ್ಮನ ಕೈ ಹಿಡಿದು ತಿರುಗುವುದು ಕಣ್ಣಿಗೆ ಕಟ್ಟಿ, ಮೂರು ವರ್ಷದ ಆ ಕೂಸಿನ ಮೇಲೂ ಹೊಟ್ಟೆ ಉರಿಯಿತು.

ಬಾಗಿಲು ತೆರೆಯಿತು. ನಮ್ಮಿಬ್ಬರನ್ನೂ ಒಳಗೆ ಕರೆದರು. ಹುಡುಗಿ ಮೇಡಂ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ನಾವಿಬ್ಬರೂ ನಿಂತಿದ್ದೆವು.

"ಆಕೆ ಹೇಳಿದ್ದರಲ್ಲಿ ನಿಮಗೆ ತಿಳಿಸಬಹುದು ಅಂತ ಆಕೆ ಒಪ್ಪಿದ್ದಷ್ಟನ್ನೇ ಹೇಳ್ತೀನಿ," ಎಂದರು ಮೇಡಂ. "ಮೊದಲು ನೀವಿಬ್ಬರೂ ಹೇಳಿಕೊಟ್ಟದ್ದನ್ನ ಒಪ್ಪಿಸಿದಳು. ಇದು ಮಾಮಾ ಹೇಳಿಕೊಟ್ಟದ್ದು, ಇದು ಅಪ್ಪ ಹೇಳಿಕೊಟ್ಟದ್ದು, ಎರಡೂ ಮುಗೀತು, ಈಗ ನಂದು ಹೇಳ್ಲಾ ಅಂತ ಕೇಳಿದಳು."

ಭಾವ ಕೆಮ್ಮಿದ. ನಾನು ನೆಲ ನೋಡಿದೆ.

ಅವಳದು ಹೀಗಿತ್ತು. ಹೈಸ್ಕೂಲಿಗೆ ರಾಣೆಬೆನ್ನೂರು. ಅಲ್ಲಿ ಖೋಖೋ ಕಲಿಸುವವರಿದ್ದಾರೆ, ಮತ್ತು ತಮ್ಮ ದೊಡ್ಡವನಾಗುವುದನ್ನು ಅವಳು ನೋಡಬೇಕು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಮೋಟೆಬೆನ್ನೂರಿಗೆ ಬರಬೇಕು, ಭಾನುವಾರ ಸಂಜೆಯವರೆಗೆ ಇರಬೇಕು. ರಜೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಬಸ್ಸಿಗೆ ಬಂದು ಹತ್ತಿಸಬಹುದು, ಇಳಿಸಿಕೊಳ್ಳಬಹುದು, ಆದರೆ ಒಬ್ಬರ ಮನೆಯ ಮಾತನ್ನು ಇನ್ನೊಬ್ಬರು ಅವಳ ಬಾಯಿಂದ ಹೇಳಿಸಬಾರದು.

"ಆಕೆ ಹೇಳಿದ ಮಾತ್ರಕ್ಕೆ ಹಾಗೇ ಆಗಬೇಕು ಅಂತಿಲ್ಲ. ತೀರ್ಮಾನ ನನ್ನದು. ಆದರೆ ಇದರಲ್ಲಿ ಅವಳಿಗೆ ಕೆಟ್ಟದ್ದೇನೂ ನನಗೆ ಕಾಣ್ತಿಲ್ಲ. ನಿಮಗೆ ಕಾಣ್ತದಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಗೌಂಡಿ ಅಲ್ವಾ?" ಎಂದು ಕೇಳಿದರು.

"ಹೌದ್ರಿ ಮೇಡಂ."

"ಮನೆ ಕಟ್ಟಿಸೋ ಹೆಣ್ಣುಮಕ್ಕಳ ಕೈಗೆ ಸುಣ್ಣದ ಕಡ್ಡಿ ಕೊಟ್ಟು, ಕಿಟಕಿ ಎಲ್ಲಿ ಬೇಕು ಅಂತ ಕೇಳ್ತೀರಂತೆ."

ನನಗೆ ಹೆಮ್ಮೆಯೇ ಆಯಿತು. "ಕೇಳ್ತೇನ್ರಿ. ಕೇಳದ ಇಡೂದಿಲ್ಲ."

"ಆಕೆಯ ಕೋಣೆಗೆ ಯಾರನ್ನ ಕೇಳಿದ್ರಿ?"

ಹುಡುಗಿ ನನ್ನನ್ನು ನೋಡಲಿಲ್ಲ, ತನ್ನ ಉಗುರನ್ನು ನೋಡಿಕೊಳ್ಳುತ್ತಿದ್ದಳು. "ಖೋಲಿ ಚಂದ ಐತಿ ಮಾಮಾ," ಎಂದಳು ಮೆಲ್ಲಗೆ. "ಆದ್ರ ನಾನು, ಆಚಿ ಮನಿ ಗೆಳತಿ ಇಬ್ಬರೂ ಕುಂದ್ರೂ ಜಾಗಾ ಮುಚ್ಚಿಬಿಟ್ಟಿ."

ನಾನು ಒಪ್ಪಿ ಸಹಿ ಮಾಡಿದೆ. ಭಾವನೂ ಮಾಡಿದ. ಅವನಿಗೆ ಮಗಳು ಸಿಕ್ಕಿದಳು, ಆದರೂ ಅವನ ಮುಖ ಗೆದ್ದವನ ಮುಖದಂತೆ ಇರಲಿಲ್ಲ. ಶನಿವಾರಗಳೆಲ್ಲ ನನ್ನವಾಗಿದ್ದವು.

ಶಾಲೆ ಶುರುವಾಗಲು ಇನ್ನೂ ಹದಿನೈದು ದಿನವಿತ್ತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗದೆ ಉಳಿದೆ. ಅವಳನ್ನು ಕೋಣೆಯೊಳಗೆ ಕರೆದು ಸುಣ್ಣದ ಕಡ್ಡಿ ಕೊಟ್ಟೆ.

"ಎಲ್ಲಿ ಬೇಕು?"

ಅವಳು ಹಿಂದಿನ ಗೋಡೆಯ ಮುಂದೆ ಟೈಲ್ಸಿನ ಮೇಲೆ ಕೂತಳು. ಕೂತು, ಕೈ ಎತ್ತಿ ತನ್ನ ಮುಖದ ಮಟ್ಟಕ್ಕೆ, ಮೂಲೆಗೆ ಒತ್ತಿ, ಗೀರಿದಳು. ಯಾವ ಗೌಂಡಿಯೂ ಇಡದ ಜಾಗ. ನೆಲದಿಂದ ಎರಡೇ ಅಡಿ.

"ಇಷ್ಟು ಕೆಳಗ ಕಿಡಕಿ ಇಟ್ರ ನೋಡಿದಾವ್ರು ನಗ್ತಾರವ್ವಾ. ಗೌಂಡಿಗೆ ತಲಿ ಕೆಟ್ಟೈತಿ ಅಂತಾರ."

"ನಾವು ಕೆಳಗ ಕುಂದ್ರತೇವಿ ಮಾಮಾ."

ಉಳಿ, ಸುತ್ತಿಗೆ ತೆಗೆದುಕೊಂಡೆ. ನನ್ನ ಗೋಡೆ ಒಡೆಯುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಒಳ್ಳೆಯ ಮಾಲು ಹಾಕಿದ್ದೆ. ಅವಳು ಪಕ್ಕದಲ್ಲಿ ಕೂತು ಒಡೆದ ಚೂರುಗಳನ್ನು ಬುಟ್ಟಿಗೆ ತುಂಬಿದಳು. ಮೊದಲ ಇಟ್ಟಿಗೆ ಆಚೆ ಬಿದ್ದಾಗ ಆ ಬದಿಯಲ್ಲಿ ಯಾರೋ ಓಡಿ ಬಂದ ಸದ್ದಾಯಿತು.

"ಮಾಮಾ."

"ಏನ?"

"ನಾ ರಾಣೆಬೆನ್ನೂರಿಗೆ ಹೋಗೂದು ನಿನಗ ಹೆಂಗ ಅನಸ್ತೈತಿ?"

ಸುತ್ತಿಗೆ ಕೈಯಲ್ಲೇ ನಿಂತಿತು. ಅಕ್ಕ ಅಂದು ಒಲೆಯ ಮುಂದೆ ನನ್ನನ್ನು ಕೇಳಿದ್ದೂ ಇದನ್ನೇ. ಅವಳಿಗೆ ತಾಯಿಯ ಮಾತಿನ ರೀತಿ ನೆನಪಿರಲು ಸಾಧ್ಯವಿಲ್ಲ. ಅಕ್ಕ ಹೋದಾಗ ಅವಳು ಎರಡು ವರ್ಷದ ಕೂಸು. ಛಲೋ ಆತು ಬಿಡು, ಓದು ಮುಂದುವರೀತೈತಿ ಎನ್ನಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಅದೇ ಮರ್ಯಾದೆಯ ಮಾತು.

"ಹೊಟ್ಟಿ ಉರೀತೈತಿ," ಎಂದೆ.

"ಯಾರ ಮ್ಯಾಲೆ?"

"ನಿಮ್ಮಪ್ಪನ ಮ್ಯಾಲೆ. ನಿನ್ನ ತಮ್ಮನ ಮ್ಯಾಲೆ. ಈ ಗ್ವಾಡಿ ಆಚೀಕಿನ ಹುಡುಗಿ ಮ್ಯಾಲೆ."

"ನನ್ನ ಮ್ಯಾಲೆ?"

"ನಿನ್ನ ಮ್ಯಾಲೆ ಎಲ್ಲಾರ್ಕಿಂತ ಜಾಸ್ತಿ. ನಿನ್ನ ಕೇಳಿದ್ರು. ನನ್ನ ಯಾರೂ ಕೇಳಲಿಲ್ಲ."

ಅವಳಿಗೆ ಅದು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಏನು ಕೇಳಲಿಲ್ಲ ಎಂದು ಕೇಳಿದಳು. ನಾನು ಸುತ್ತಿಗೆ ಕೆಳಗಿಟ್ಟು ಆ ಚಹಾದ ತಾಟಿನ ಕಥೆ ಹೇಳಿದೆ. ಗಣಿತದ ವಿಷಯವನ್ನೂ ಹೇಳಿದೆ. ಅವಳ ಅವ್ವ ರೊಟ್ಟಿ ಸೀಯಿಸಿದ್ದನ್ನೂ. ಕೇಳುತ್ತಿರುವಾಗ ಅವಳು ಬುಟ್ಟಿಗೆ ಚೂರು ಹಾಕುವುದನ್ನು ನಿಲ್ಲಿಸಿದ್ದಳು.

"ಅವ್ವಗ ಸುಳ್ಳ ಹೇಳಿದ್ಯಾ?"

"ಹೂಂ."

"ಅವ್ವಗ ಗೊತ್ತಾಗಿರತೈತಿ ಮಾಮಾ," ಎಂದು ಬಗ್ಗಿ ಒಡೆದ ಸಂದಿನಲ್ಲಿ ಆಚೆ ಬದಿಯ ಗೆಳತಿಗಾಗಿ ಇಣುಕಿದಳು. ಆಮೇಲೆ ಬೆರಳಿನಿಂದ ಗೋಡೆ ತಟ್ಟಿ ತೋರಿಸಿದಳು. "ಇಲ್ಲಿ ಇನ್ನ ಸ್ವಲ್ಪ ಒಡಿ. ಆಕಿ ಮಾರಿ ಕಾಣವಲ್ದು."